ಹಿಚುಕಿ ನೋಡಿದ ಪೈಪು

ಶಾಂಭವಿಯ ಬೆರಳುಗಳು ಸತ್ತುಹೋಗಿವೆ ಎಂಬುದು ಮೊದಲು ತಿಳಿದದ್ದು ಅವಳ ಮೂಗಿಗೆ. ರೊಟ್ಟಿ ಬೇಯಿಸುತ್ತಿದ್ದಾಗ ಏನೋ ಸುಟ್ಟ ವಾಸನೆ ಬಂತು. ಹಂಚಿನ ಮೇಲಿನ ರೊಟ್ಟಿ ಇನ್ನೂ ಬೆಳ್ಳಗೇ ಇತ್ತು. ಒಲೆಯೊಳಗೆ ಬಟ್ಟೆಯ ಚೂರೇನಾದರೂ ಬಿತ್ತೋ ಎಂದು ಬಗ್ಗಿ ನೋಡಿದಳು. ಆಮೇಲೆ ಕಂಡಿತು: ಅವಳದೇ ಬಲಗೈಯ ತೋರುಬೆರಳು ಹಂಚಿನ ಅಂಚಿಗೆ ಒರಗಿಕೊಂಡಿತ್ತು. ಕಿತ್ತುಕೊಂಡಳು. ಚರ್ಮದ ಒಂದು ಚೂರು ಹಂಚಿಗೇ ಉಳಿಯಿತು. ಅವಳು ಕೂಗಲಿಲ್ಲ. ಕೂಗುವಂಥ ನೋವೇ ಇರಲಿಲ್ಲ; ಅವಳನ್ನು ಹೆದರಿಸಿದ್ದು ಅದೇ.

ಅದಕ್ಕೂ ಮುಂಚೆ ಜೋಮು ಹಿಡಿಯುವುದಿತ್ತು. ಬೆಳಿಗ್ಗೆ ಎದ್ದರೆ ಎರಡೂ ಅಂಗೈಗೆ ಇರುವೆ ಮುತ್ತಿದ ಹಾಗೆ. ಕೊಡವಿಕೊಂಡರೆ ಹೋಗುತ್ತಿತ್ತು. ಹಾಲು ಕರೆಯುವ ಹೆಂಗಸರಿಗೆಲ್ಲ ಇದ್ದದ್ದೇ ಎಂದುಕೊಂಡು ಸುಮ್ಮನಿದ್ದಳು. ಹೊಸಹಳ್ಳಿ ಹೋಬಳಿಯ ಈ ಊರಿಗೆ ಸೊಸೆಯಾಗಿ ಬಂದ ಮಾರನೆಯ ದಿನವೇ ಅವಳ ಕೈಗೆ ತಂಬಿಗೆ ಕೊಟ್ಟು ಕೊಟ್ಟಿಗೆಗೆ ಕಳಿಸಿದ್ದರು. ಅವತ್ತಿನಿಂದ ಎರಡು ಹೊತ್ತೂ ಆ ಕೈಗಳು ಹಿಂಡುತ್ತಲೇ ಇದ್ದವು.

ಬೆರಳು ಸುಟ್ಟ ಮೇಲೆ ಕೂಡ್ಲಿಗಿಯ ಸಂತೆಗೆಂದು ಹೋದವಳು ಯಾರಿಗೂ ಹೇಳದೆ ಒಬ್ಬ ಡಾಕ್ಟರಿಗೆ ತೋರಿಸಿಕೊಂಡಳು. ಅವರು ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಬೆರಳ ತುದಿಗೆ ಸೂಜಿ ಮುಟ್ಟಿಸುತ್ತೇನೆ, ಗೊತ್ತಾದಾಗ ಹೇಳಿ ಅಂದರು. ಸ್ವಲ್ಪ ಹೊತ್ತಿನ ಮೇಲೆ ಅವಳು ಅಂದಾಜಿನ ಮೇಲೆ ಗೊತ್ತಾಯಿತು ಅಂದಳು.

"ನಾನಿನ್ನೂ ಮುಟ್ಟೇ ಇಲ್ಲಮ್ಮ" ಅಂದರು ಡಾಕ್ಟರು.

ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ದಾವಣಗೆರೆಗೆ ಹೋಗಿ ಪರೀಕ್ಷೆ ಮಾಡಿಸಿ, ಆಪರೇಷನ್ ಬೇಕಾಗಬಹುದು, ತಡ ಮಾಡಿದರೆ ಸತ್ತ ನರ ಮರಳುವುದಿಲ್ಲ ಎಂದೆಲ್ಲ ಅವರು ಹೇಳಿದರು. ಶಾಂಭವಿ ಎಲ್ಲಕ್ಕೂ ತಲೆಯಾಡಿಸಿದಳು. ಹೊರಗೆ ಬಂದು ಬದನೆಕಾಯಿ, ಹಸಿಮೆಣಸಿನಕಾಯಿ ಕೊಂಡು ಬಸ್ಸು ಹತ್ತಿದಳು. ಮನೆಯಲ್ಲಿ ಬದನೆಕಾಯಿ ಎಳೆಯವು ಸಿಕ್ಕಿವೆ ಎಂಬುದನ್ನು ಬಿಟ್ಟು ಬೇರೇನೂ ಹೇಳಲಿಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ಅವಳ ಅತ್ತೆ ಹುಲುಗಮ್ಮನಿಗೆ ಕೊನೆಗಾಲದಲ್ಲಿ ಕಣ್ಣು ಮಂಜಾಗಿತ್ತು. ಅವಳಿಗೆ ಯಾರೂ ಕೆಟ್ಟದ್ದು ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಹಬ್ಬಕ್ಕೆ ಸೀರೆ, ಮಲಗಲು ಬೆಚ್ಚಗಿನ ಜಾಗ ಎಲ್ಲವೂ ಇತ್ತು. ಆದರೆ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಬೀಜ ಯಾವುದಿಡೋಣ, ಸಾರಿಗೆ ಏನು ಹಾಕೋಣ, ಕರು ಯಾಕೆ ಮಂಕಾಗಿದೆ ಎಂಬ ಮಾತುಗಳು ಅವಳ ತಲೆಯ ಮೇಲಿಂದ ಹಾದುಹೋಗುತ್ತಿದ್ದವು. ಇರುವವಳನ್ನು ಇಲ್ಲದವಳಂತೆ ನೋಡಿಕೊಳ್ಳುವುದು ಎಷ್ಟು ಸಲೀಸೆಂದು ಶಾಂಭವಿ ಆ ಮನೆಯಲ್ಲೇ ಕಂಡಿದ್ದಳು. ಹೊಲ ಗಂಡನ ಹೆಸರಿನಲ್ಲಿತ್ತು, ಗಾಡಿ ಮಗನದು, ಅಡಿಗೆಮನೆ ನಿಧಾನಕ್ಕೆ ಸೊಸೆಯ ಕಡೆ ಸರಿಯುತ್ತಿತ್ತು. ಕೊಟ್ಟಿಗೆಯೊಂದು ಮಾತ್ರ ಅವಳದು. ಅಲ್ಲಿ ಅವಳ ಮಾತು ನಡೆಯುತ್ತಿತ್ತು. ಅಲ್ಲಿ ಮೂರು ಹಸುಗಳಿದ್ದವು. ಮೂರರಲ್ಲಿ ಕೆಂಚಿ ಅದೇ ಕೊಟ್ಟಿಗೆಯಲ್ಲಿ, ಅವಳದೇ ಕೈಯಲ್ಲಿ ಹುಟ್ಟಿದ್ದು. ಕೈ ಹೋಯಿತು ಎಂದು ಬಾಯಿಬಿಟ್ಟರೆ ಕೊಟ್ಟಿಗೆ ಹೋಗುತ್ತಿತ್ತು. ಅಷ್ಟೇ ಲೆಕ್ಕ.

ಸೊಸೆ ರೇಖಾ ಚುರುಕಿನವಳು. ಅತ್ತೆಗೆ ಸುಸ್ತು ಎಂದುಕೊಂಡು ಎರಡು ಹಸುಗಳನ್ನು ತಾನೇ ಕರೆಯತೊಡಗಿದ್ದಳು. ಕೆಂಚಿಯನ್ನು ಶಾಂಭವಿ ಬಿಟ್ಟುಕೊಟ್ಟಿರಲಿಲ್ಲ. ಬೆರಳು ಹಿಡಿತ ಬಿಟ್ಟಾಗ ಹೆಬ್ಬೆರಳನ್ನು ಮಡಿಸಿ ಅದರ ಗೆಣ್ಣಿನಿಂದ ಎಳೆಯುತ್ತಿದ್ದಳು. ಅದು ಹಸುವಿಗೂ ಹಿತವಲ್ಲ, ಕೈಗೂ ಹಿತವಲ್ಲ. ಒಂದು ಸಲ ತುಂಬಿದ ಪಾತ್ರೆ ಕೈಯಿಂದ ಜಾರಿತು. ಗಂಡ ಉಚ್ಚಂಗೆಪ್ಪ ಅಂಗಳದಲ್ಲೇ ಇದ್ದ. ಬೈಯಲಿಲ್ಲ. ವಯಸ್ಸಾಯ್ತಲ್ಲ, ಎರಡು ಹಸು ಮಾರಿ ಒಂದು ಇಟ್ಟುಕೊಂಡರಾಯ್ತು, ಅದನ್ನು ರೇಖಾ ನೋಡಿಕೊಳ್ಳುತ್ತಾಳೆ ಅಂದ. ಅವನ ದನಿಯಲ್ಲಿದ್ದದ್ದು ಕರುಣೆಯೇ. ಹುಲುಗಮ್ಮನ ಜೊತೆಗೂ ಅವನು ಅದೇ ದನಿಯಲ್ಲಿ ಮಾತಾಡುತ್ತಿದ್ದ.

ಆಗಲೇ ಹಡಗಲಿಯಿಂದ ರೇಖಾಳ ತವರಿನವರು ಫೋನ್ ಮಾಡಿದರು. ಅವಳ ತಂಗಿಗೆ ದಿನ ತುಂಬಿತ್ತು, ತಾಯಿಗೆ ಮೈಯಲ್ಲಿ ಹುಷಾರಿರಲಿಲ್ಲ. ಬಾಣಂತನಕ್ಕೆ ಒಂದಷ್ಟು ದಿನ ರೇಖಾ ಹೋಗಲೇಬೇಕಿತ್ತು. ಉಚ್ಚಂಗೆಪ್ಪ ಹಸು ಮಾರುವ ಮಾತನ್ನು ಮತ್ತೆ ತೆಗೆದ. ಶಾಂಭವಿ ಆ ರಾತ್ರಿಯ ಊಟಕ್ಕೆ ಬಡಿಸುತ್ತಾ, ಹಾಲು ಕರೆಯುವ ಮಷಿನ್ನು ತರೋಣ ಅಂದುಬಿಟ್ಟಳು. ಅರಸೀಕೆರೆಯ ಕಡೆ ಯಾರೋ ಹಸು ಸಾಕುವ ಫಾರ್ಮು ಮುಚ್ಚಿದ್ದರು, ಅಲ್ಲಿಯ ಮಷಿನ್ನು ಮಾರಾಟಕ್ಕಿದೆ ಎಂದು ಡೈರಿಯಲ್ಲಿ ಮಾತು ಕೇಳಿದ್ದಳು.

"ಈ ವಯಸ್ಸಿನಾಗ ಮಷಿನ್ ಕಲಿತೀಯೇನಲೇ?" ಉಚ್ಚಂಗೆಪ್ಪ ನಕ್ಕ.

"ಮೊಬೈಲ್ ಕಲ್ತೀನಲ್ಲ. ಅದು ನಿಮಗಿನ್ನೂ ಬರವಲ್ದು" ಅಂದಳು.

ಮಗ ವೆಂಕಟೇಶನಿಗೆ ನಗು ತಡೆಯಲಿಲ್ಲ. ಮಾರನೆಯ ವಾರ ಅವನೇ ತನ್ನ ಗೂಡ್ಸ್ ಗಾಡಿಯಲ್ಲಿ ಅರಸೀಕೆರೆಗೆ ಹೋಗಿ ಮಷಿನ್ನು ಹೇರಿಕೊಂಡು ಬಂದ. ಗಾಳಿ ಎಳೆಯುವ ಪಂಪು, ಅದಕ್ಕೊಂದು ಮೋಟಾರು, ಮುಳ್ಳು ತೋರಿಸುವ ಮೀಟರು, ಮುಚ್ಚಳವಿರುವ ಸ್ಟೀಲಿನ ಬಕೆಟ್ಟು, ಕೆಚ್ಚಲಿನ ನಾಲ್ಕು ಮೊಲೆಗಳಿಗೆ ಹಾಕುವ ನಾಲ್ಕು ಕಪ್ಪುಗಳು. ಪಂಪು ಬಕೆಟ್ಟಿನೊಳಗಿನ ಗಾಳಿಯನ್ನು ಎಳೆಯುತ್ತದೆ, ಆ ಎಳೆತಕ್ಕೆ ಕಪ್ಪಿನಲ್ಲಿರುವ ಮೊಲೆಯಿಂದ ಹಾಲು ಇಳಿದು ಬಕೆಟ್ಟಿಗೆ ಬರುತ್ತದೆ. ಎಲ್ಲ ಗಟ್ಟಿಮುಟ್ಟಾಗಿತ್ತು. ಪಂಪಿನಿಂದ ಬಕೆಟ್ಟಿಗೆ ಹೋಗುವ ಪೈಪುಗಳು ಮಾತ್ರ ಬಿಸಿಲಿಗೆ ಸಿಡಿದು ಹಾವಿನ ಪೊರೆಯ ಹಾಗಾಗಿದ್ದವು. ಅವನ್ನು ಹೊಸದಾಗಿ ಹಾಕಿಸಬೇಕಿತ್ತು.

ಕೂಡ್ಲಿಗಿಯಲ್ಲಿ ನೂರ್ ಅಹಮದನ ಅಂಗಡಿ. ಸುಟ್ಟ ಮೋಟಾರಿಗೆ ತಂತಿ ಸುತ್ತುವ ಕೆಲಸ ಅವನ ತಂದೆಯಿಂದ ಬಂದದ್ದು, ಡ್ರಿಪ್ ಪೈಪಿನ ವ್ಯಾಪಾರ ಅವನೇ ಶುರು ಮಾಡಿದ್ದು. ಸುತ್ತಲಿನ ಹೊಲಗಳಿಗೆ ಹನಿ ನೀರಾವರಿ ಬಂದ ಮೇಲೆ ಅವನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆ ತುಂಬ ಕರಿ ಪೈಪಿನ ಸುರುಳಿಗಳು, ಚೀಲಗಳಲ್ಲಿ ಪೈಪು ಕೂಡಿಸುವ ಟೀ, ಎಲ್ಬೋ, ನಿಪ್ಪಲ್ಲು, ಕ್ಲಾಂಪು. ಶಾಂಭವಿ ಹಳೆಯ ಪೈಪಿನ ಒಂದು ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿದ್ದಳು. ವೆಂಕಟೇಶ ಅವಳನ್ನು ಅಂಗಡಿಯ ಮುಂದೆ ಇಳಿಸಿ ಬಾಡಿಗೆಗೆ ಹೋದ.

ನೂರ್ ಅಹಮದ್ ತುಂಡನ್ನು ತಿರುಗಿಸಿ ನೋಡಿ, ಈ ಮಷಿನ್ನಿಗೆಂದೇ ಬರುವ ಪೈಪು ತನ್ನ ಹತ್ತಿರ ಇಲ್ಲ, ದಾವಣಗೆರೆಗೆ ಹೇಳಿ ಕಳಿಸಿದರೆ ಬಸ್ಸಿನಲ್ಲಿ ಬರುತ್ತದೆ, ಎಂಟು ಹತ್ತು ದಿನ ಹಿಡಿಯಬಹುದು ಅಂದ. ರೇಖಾ ನಾಡಿದ್ದೇ ಹೊರಡುವವಳಿದ್ದಳು.

"ಅಲ್ಲೀ ತನಕ ಹಸುಗಳಿಗೆ ಏನ್ ಹೇಳ್ಲಪ್ಪ? ಹಾಲು ಹಿಡ್ಕಂಡಿರ್ರಿ ಅನ್ಲೇನು?"

"ಹಂಗಾದ್ರ ಇದ್ದದ್ರಾಗ ನೋಡೋಣು ಬರ್ರಿ ಅಕ್ಕ" ಎಂದು ಅವನು ನಗುತ್ತಾ ಎದ್ದ.

ನಿಪ್ಪಲ್ಲು, ಟೀ, ವಾಲ್ವು ಡ್ರಿಪ್ಪಿನವೇ ಆದವು. ಅಳತೆ ಕೂಡಿತು. ಡ್ರಿಪ್ಪಿನಲ್ಲಿ ಎಷ್ಟೋ ನೀರಿನ ಒತ್ತಡ ತಡೆಯುವ ಸಾಮಾನು, ಈ ಪುಟ್ಟ ಪಂಪಿನ ಗಾಳಿ ತಡೆಯುವುದಿಲ್ಲವೇ ಎಂದು ಅವನೂ ಅಂದ, ಅವಳಿಗೂ ಹೌದೆನ್ನಿಸಿತು. ಉಳಿದದ್ದು ಬಕೆಟ್ಟಿಗೆ ಹೋಗುವ ಮೆದು ಪೈಪು. ಅವನು ಒಳಗಿನಿಂದ ಎರಡು ಸುರುಳಿ ತಂದು ಮುಂದಿಟ್ಟ. ಎರಡೂ ಹಾಲು ಬಿಳುಪು, ಎರಡೂ ಒಂದೇ ದಪ್ಪ.

"ಕಣ್ಣಿಗೆ ಎರಡೂ ಒಂದೇ ಹಂಗ ಕಾಣ್ತಾವ್ರಿ ಅಕ್ಕ. ಹಿಚುಕಿ ನೋಡ್ರಿ. ಒಂದು ಜಲ್ದಿ ಅಮುಕ್ತೈತಿ, ಒಂದು ಅಮುಕೂದಿಲ್ಲ. ಅಮುಕಲಾರದ್ದು ತಗೊಳ್ರಿ, ಈ ಮಷಿನ್ ಗಾಳಿ ಎಳಿತೈತಲ್ಲ, ಮೆತ್ತಂದಾದ್ರ ಚಪ್ಪಟಿ ಆಗ್ತೈತಿ."

"ನೀನೇ ನೋಡಿ ಕೊಡಪ್ಪ" ಅಂದಳು ಶಾಂಭವಿ.

ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರ್ ನಿಂತು, ಯಾರೋ ಸುಟ್ಟ ಮೋಟಾರು ಇಳಿಸಿಕೊಳ್ಳಲು ಅವನನ್ನು ಕೂಗಿದರು. ಅವನು ಎರಡು ಸುರುಳಿಯನ್ನೂ ಅವಳ ಮಡಿಲ ಕಡೆ ತಳ್ಳಿದ.

"ಇಷ್ಟು ವರ್ಷ ಹಾಲು ಹಿಂಡಿದ ಕೈ ನಿಮ್ಮದು. ನನಗಿಂತ ನಿಮಗ ಚೊಲೊ ಗೊತ್ತಾಗ್ತೈತ್ರಿ."

ಮೆಚ್ಚಿ ಆಡಿದ ಮಾತದು. ಅವಳು ಒಂದು ಪೈಪನ್ನು ಹಿಡಿದು ಹಿಚುಕಿದಳು. ಕಂಬಳಿಯ ಆಚೆ ಬದಿಗಿರುವ ಏನನ್ನೋ ಮುಟ್ಟಿದ ಹಾಗಾಯಿತು. ಇನ್ನೊಂದನ್ನು ಹಿಚುಕಿದಳು. ಅದೂ ಹಾಗೆಯೇ. ಕಣ್ಣಿನಿಂದ ನೋಡಿ ಯಾವುದು ಒಳಗೆ ಹೋಗುತ್ತದೆಂದು ಕಂಡುಹಿಡಿಯಲು ನೋಡಿದಳು. ಅವಳ ಬೆರಳಿನ ಶಕ್ತಿಗೆ ಎರಡೂ ಒಳಗೆ ಹೋಗಲಿಲ್ಲ. ನೂರ್ ಅಹಮದ್ ಮೋಟಾರಿನ ಒಂದು ತುದಿ ಹಿಡಿದುಕೊಂಡೇ ತಿರುಗಿ ನೋಡಿ, ಯಾವುದು ಎಂದು ಹುಬ್ಬು ಹಾರಿಸಿದ. ಅವಳು ಹೆಚ್ಚು ಮಿನುಗುತ್ತಿದ್ದದ್ದರ ಮೇಲೆ ಕೈ ಇಟ್ಟಳು. ಅವನು ಗ್ರೀಸಿನ ಕೈಯಲ್ಲೇ ಬಂದು ಅಳೆದು ಕತ್ತರಿಸಿ, ಮನೆಯಲ್ಲಿ ಜೋಡಿಸುವುದು ಹೇಗೆಂದು ಹೇಳಿ, ಚೀಲಕ್ಕೆ ತುಂಬಿ ಕೊಟ್ಟ.

ಬಸ್ ನಿಲ್ದಾಣದಲ್ಲಿ ಮಗನಿಗಾಗಿ ಕಾಯುತ್ತಾ ಅವಳು ಪೈಪನ್ನು ಚೀಲದಿಂದ ತೆಗೆದು ಹಲ್ಲಿನಲ್ಲಿ ಕಚ್ಚಿ ನೋಡಬೇಕೆಂದುಕೊಂಡಳು. ಹಲ್ಲಿಗಾದರೂ ಗೊತ್ತಾಗುತ್ತಿತ್ತೇನೋ. ಜನರಿದ್ದರು, ನಾಚಿಕೆಯಾಯಿತು.

ಮನೆಯಲ್ಲಿ ವೆಂಕಟೇಶ ಎಲ್ಲ ಜೋಡಿಸಿದ. ಜೋಡಿಸಿದ ಮೇಲೆ, ಹೊಲದಲ್ಲಿ ಡ್ರಿಪ್ ಎಳೆದಾಗ ಮಾಡುವ ಹಾಗೆಯೇ, ಪರೀಕ್ಷೆ ಮಾಡಿದ. ಬೋರಿನ ನಲ್ಲಿಗೆ ಪೈಪಿನ ತುದಿ ಸಿಕ್ಕಿಸಿ ನೀರು ಬಿಟ್ಟ. ಪೈಪು ದುಂಡಗೆ ಉಬ್ಬಿ ನಿಂತಿತು. ಉಚ್ಚಂಗೆಪ್ಪ ಒಂದೊಂದು ಕೀಲಿನ ಕೆಳಗೂ ಅಂಗೈ ಹಿಡಿದು ನೋಡಿದ. ಎಲ್ಲಿಯೂ ಒಂದು ಹನಿ ಸೋರಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು. ನೀರು ಒಳಗಿನಿಂದ ತಳ್ಳುತ್ತದೆ, ತಳ್ಳಿದಷ್ಟೂ ಕೀಲು ಬಿಗಿಯುತ್ತದೆ. ಈ ಮಷಿನ್ನು ಹೊರಗಿನದನ್ನು ಒಳಕ್ಕೆ ಎಳೆಯುವಂಥದ್ದು ಎಂಬುದು ಅಲ್ಲಿದ್ದ ಯಾರ ತಲೆಗೂ ಬರಲಿಲ್ಲ, ಅಂಗಡಿಯಲ್ಲಿ ಆ ಮಾತು ಕೇಳಿ ಬಂದಿದ್ದ ಶಾಂಭವಿಗೂ. ಆ ಊರಿನವರಿಗೆ ಗೊತ್ತಿದ್ದದ್ದು ನೀರಿನ ಪೈಪು. ಸೋರಿದರೆ ನೆಲ ನೆನೆಯಬೇಕು. ನೆಲ ಒಣಗಿತ್ತು.

ರೇಖಾ ಹಡಗಲಿಗೆ ಹೋದಳು. ಮೊದಲ ದಿನಗಳು ಹಬ್ಬದ ಹಾಗಿದ್ದವು. ಶಾಂಭವಿ ಸ್ವಿಚ್ಚು ಒತ್ತುತ್ತಿದ್ದಳು, ಮೋಟಾರು ಗುಡುಗುತ್ತಿತ್ತು, ಕಪ್ಪುಗಳನ್ನು ಅಂಗೈಯಿಂದ ಮೇಲಕ್ಕೆ ಒತ್ತಿ ಹಿಡಿದರೆ ಅವೇ ಕಚ್ಚಿಕೊಳ್ಳುತ್ತಿದ್ದವು. ಬಕೆಟ್ಟಿನೊಳಗೆ ಹಾಲು ಬೀಳುವ ಸದ್ದು. ಅಕ್ಕಪಕ್ಕದ ಹೆಂಗಸರು ನೋಡಲು ಬಂದರು. ಎದುರುಮನೆಯ ಶಿವಮ್ಮ, ಇನ್ನು ನಿನಗೆ ಕೆಲಸವೇ ಇಲ್ಲ, ಕುರ್ಚಿ ಹಾಕಿಕೊಂಡು ಕೂತು ಬೀಡಿ ಸೇದು ಎಂದು ಹಾಸ್ಯ ಮಾಡಿದಳು. ಬಹಳ ತಿಂಗಳುಗಳ ಮೇಲೆ ಶಾಂಭವಿ ಹೊಟ್ಟೆ ತುಂಬ ನಕ್ಕಳು. ಕೈಯ ಗುಟ್ಟು ಇನ್ನು ಅವಳ ಜೊತೆಗೇ ಉಳಿಯುತ್ತದೆ, ಮಣ್ಣಿಗೆ ಹೋಗುವವರೆಗೆ ಯಾರಿಗೂ ತಿಳಿಯಬೇಕಾಗಿಲ್ಲ ಅನ್ನಿಸಿತ್ತು.

ಆಮೇಲೆ ಕೆಂಚಿ ಒದೆಯತೊಡಗಿತು. ಮಿಕ್ಕೆರಡು ಹಸುಗಳು ಗಬ್ಬದವು, ಬತ್ತುವ ಹೊತ್ತಿಗೆ ಬಂದಿದ್ದವು. ಸ್ವಲ್ಪ ಹೊತ್ತಿನಲ್ಲೇ ಕಪ್ಪು ತೆಗೆದುಬಿಡಬಹುದಿತ್ತು. ಕೆಂಚಿಯದು ತುಂಬು ಹಾಲು, ಮಷಿನ್ನು ಬಹಳ ಹೊತ್ತು ಹಚ್ಚಬೇಕಿತ್ತು. ಸಂಜೆಯ ಹೊತ್ತು ತಗಡಿನ ಕೊಟ್ಟಿಗೆ ಕಾದಿರುತ್ತಿತ್ತು. ಕಾದ ಪೈಪು ಇನ್ನಷ್ಟು ಮೆತ್ತಗಾಗಿ, ಗೂಟದ ಹತ್ತಿರ ಬಾಗುವಲ್ಲಿ ಒಳಕ್ಕೆ ಕುಸಿಯುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಎಳೆತ ಒಮ್ಮೆ ಸಾಯುತ್ತಿತ್ತು, ಒಮ್ಮೆಲೇ ಜಗ್ಗುತ್ತಿತ್ತು. ಕಪ್ಪು ಜಾರಿ ಗಾಳಿ ನುಗ್ಗಿದಾಗ ಇಳಿದ ಹಾಲೇ ಮೇಲಕ್ಕೆ ಚಿಮ್ಮಿ ಮೊಲೆಯ ಬಾಯಿಗೆ ಬಡಿಯುತ್ತಿತ್ತು. ಇದೆಲ್ಲ ಆಮೇಲೆ ತಿಳಿದದ್ದು. ಆಗ ಶಾಂಭವಿ ಕಂಡದ್ದು ಮೀಟರಿನ ಮುಳ್ಳು ನಡುಗುವುದನ್ನು ಮಾತ್ರ. ಕರೆಂಟಿನ ಏರಿಳಿತ ಎಂದುಕೊಂಡಳು; ಆ ಊರಿನಲ್ಲಿ ಏನು ನಡುಗಿದರೂ ಅದೇ ಕಾರಣ. ಕೆಂಚಿಯ ಹಿಂಗಾಲುಗಳಿಗೆ ಹಗ್ಗ ಬಿಗಿದು, ಹೊಸದಕ್ಕೆ ಹೊಂದಿಕೊಳ್ಳವ್ವ ಎಂದು ಅದರ ಬೆನ್ನು ಸವರಿದಳು.

ಕಪ್ಪು ಹಾಕುವ ಮುಂಚೆ ಒಂದೊಂದು ಮೊಲೆಯಿಂದಲೂ ಮೊದಲ ಧಾರೆಯನ್ನು ನೆಲಕ್ಕೆ ಬಿಡುವುದನ್ನು ಅವಳು ತಪ್ಪಿಸಿರಲಿಲ್ಲ. ಅದು ಭೂಮಿತಾಯಿಯ ಪಾಲು. ಹುಲುಗಮ್ಮ ಹೇಳಿಕೊಟ್ಟದ್ದು. ಹೆಬ್ಬೆರಳ ಗೆಣ್ಣಿನಿಂದ ಹೇಗೋ ಎಳೆದು, ಕಣ್ಣು ಮುಚ್ಚಿ, ಸಗಣಿಯ ನೆಲಕ್ಕೆ ಬಿಟ್ಟು ಕೈಮುಗಿಯುತ್ತಿದ್ದಳು. ದೇವರಿಗೆ ಬಿಟ್ಟದ್ದನ್ನು ಯಾರೂ ಬಗ್ಗಿ ನೋಡುವುದಿಲ್ಲ. ಆ ಧಾರೆಯಲ್ಲಿ ಮೊಸರಿನ ಹರಳು ಬರತೊಡಗಿದ್ದು, ಹಾಲು ನೀರಾದದ್ದು ನೆಲಕ್ಕಷ್ಟೇ ಗೊತ್ತಾಯಿತು. ಕೆಚ್ಚಲನ್ನು ದಿನವೂ ಬಿಸಿನೀರಿನ ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸುವಾಗ ಅದರ ಮೇಲೆ ಅಂಗೈ ಇರುತ್ತಿತ್ತು. ಅಂಗೈ ಏನನ್ನೂ ಹೇಳಲಿಲ್ಲ.

ಒಂದು ಮುಂಜಾನೆ ಕೆಂಚಿ ಮೇವು ಮುಟ್ಟಲಿಲ್ಲ. ಹಾಲು ಅರ್ಧಕ್ಕಿಳಿದಿತ್ತು. ಹಿಂದಿನ ದಿನ ಹಸಿ ಮೇವು ಹೆಚ್ಚಾಗಿರಬೇಕೆಂದು ಶಾಂಭವಿ ಶುಂಠಿ, ಅಜವಾನ ಕುದಿಸಿ ಕುಡಿಸಿದಳು. ಅದೇ ದಿನ ಮಧ್ಯಾಹ್ನದ ಬಸ್ಸಿಗೆ ರೇಖಾ ಹಡಗಲಿಯಿಂದ ಬಂದಳು. ತಂಗಿಗೆ ಹೆಣ್ಣು ಕೂಸು ಹುಟ್ಟಿತ್ತು, ಕೈಚೀಲದಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆಗಳಿದ್ದವು. ಒಂದು ದಂಡೆಯನ್ನು ಅತ್ತೆಯ ಕೈಗಿಟ್ಟು, ಹಸುಗಳನ್ನು ನೋಡಿಕೊಂಡು ಬರುತ್ತೇನೆ ಎಂದು ಕೊಟ್ಟಿಗೆಗೆ ಹೋದಳು. ಅಲ್ಲಿಂದ ತಗ್ಗಿದ ದನಿಯಲ್ಲಿ ಕರೆದಳು.

"ಅತ್ತಿ, ಇಲ್ಲಿ ಬರ್ರಿ. ಕೆಚ್ಚಲು ಕೆಂಡ ಆಗೈತಿ."

ಶಾಂಭವಿ ಹೋಗಿ ನೋಡಿದಳು. ರೇಖಾಳ ಅಂಗೈ ಕೆಂಚಿಯ ಕೆಚ್ಚಲಿನ ಮೇಲಿತ್ತು. ಸುಡುವ ಪಾತ್ರೆಯಿಂದ ಕೈ ತೆಗೆಯುವ ಹಾಗೆ ತೆಗೆದಳು. ಒಂದು ಮೊಲೆಯನ್ನು ಹಿಂಡಿದಾಗ ಬಂದದ್ದು ಹಾಲಲ್ಲ, ಕೀವು ಬೆರೆತ ಕೆಂಪು ನೀರು. ಹಿಂದಿನ ಎಡ ಮೊಲೆ ಕಪ್ಪಿಟ್ಟಿತ್ತು.

ಹೊಸಹಳ್ಳಿಯಿಂದ ಪಶುವೈದ್ಯೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಡಾಕ್ಟರ್ ಕ್ರಾಂತಿ ಇನ್ನೂ ಚಿಕ್ಕ ವಯಸ್ಸಿನವಳು. ಮಾತು ಕಡಿಮೆ. ಕೆಚ್ಚಲು ಮುಟ್ಟಿ, ಜ್ವರ ನೋಡಿ, ಇಂಜೆಕ್ಷನ್ನು ಕೊಟ್ಟು, ಮೊಲೆಗಳಿಗೆ ಔಷಧಿ ಏರಿಸಿ, ಉಳಿಯುವುದು ಕಷ್ಟ ಅಂದಳು. ಆಮೇಲೆ ಮಷಿನ್ನು ನೋಡಬೇಕು ಅಂದಳು. ವೆಂಕಟೇಶ ಚಾಲೂ ಮಾಡಿದ. ಅವಳು ಪೈಪು ಬಾಗುವಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ನೋಡಿದಳು. ಪೈಪು ಬಾಯಿ ಮುಚ್ಚಿಕೊಂಡಂತೆ ಒಳಕ್ಕೆ ಕುಸಿಯಿತು, ತೆರೆಯಿತು, ಮತ್ತೆ ಕುಸಿಯಿತು. ಎಲ್ಲರಿಗೂ ಕಂಡಿತು. ಅಷ್ಟು ದಿನ ಯಾರ ಕಣ್ಣಿಗೂ ಬೀಳದ್ದು, ಒಬ್ಬರು ಕೂತು ನೋಡಿದ ಮೇಲೆ ಕುರುಡರಿಗೂ ಕಾಣುವಷ್ಟಿತ್ತು.

ಉಚ್ಚಂಗೆಪ್ಪನ ಮುಖ ಕಪ್ಪಾಯಿತು. ಆ ನೂರ್ ಅಹಮದನ ಅಂಗಡಿಗೆ ಈಗಲೇ ಹೋಗುತ್ತೇನೆ, ಇಂಥ ಸಾಮಾನು ಕೊಟ್ಟು ಹಸು ಕೊಂದನಲ್ಲ ಎಂದು ಟವೆಲು ಕೊಡವಿದ.

"ಅವನ ತಪ್ಪಲ್ಲ" ಅಂದಳು ಶಾಂಭವಿ. "ಅವ ಎರಡು ತೋರ್ಸಿದ್ದ. ಆರ್ಸಿದಾಕಿ ನಾನು."

ಕ್ರಾಂತಿ ಕೈ ತೊಳೆಯುತ್ತಿದ್ದಳು. ತಿರುಗಿ ಶಾಂಭವಿಯ ಮುಖ ನೋಡಿದಳು.

"ಪೈಪಿನ ಮಾತು ಇರ್ಲಮ್ಮ. ಈ ಬಾವು ಇವತ್ತು ನಿನ್ನೆದಲ್ಲ. ದಿನಾ ಎರಡು ಹೊತ್ತು ಕೆಚ್ಚಲು ಮುಟ್ಟೀರಿ. ಬಿಸಿ ಗೊತ್ತಾಗಲಿಲ್ಲೇನು?"

ಗಂಡ, ಮಗ, ಸೊಸೆ, ಬಾಗಿಲಲ್ಲಿ ನಿಂತಿದ್ದ ಶಿವಮ್ಮ, ಎಲ್ಲರೂ ಅವಳ ಕಡೆ ನೋಡುತ್ತಿದ್ದರು. ಶಾಂಭವಿಯ ಎರಡೂ ಕೈ ಸೆರಗಿನ ಒಳಗಿದ್ದವು. ಗೊತ್ತಾಗಲಿಲ್ಲ ಎಂಬ ಒಂದು ಮಾತು ನಾಲಿಗೆಯ ಮೇಲೇ ಇತ್ತು. ಅದನ್ನು ಆಡಿದರೆ ಮುಂದಿನ ಪ್ರಶ್ನೆ ಏಕೆ ಎಂಬುದು. ಆಮೇಲೆ ಕೈ ತೋರಿಸು ಅನ್ನುತ್ತಾರೆ. ಆಮೇಲೆ ಎಲ್ಲರೂ ಮೆತ್ತಗಿನ ದನಿಯಲ್ಲಿ ಮಾತಾಡತೊಡಗುತ್ತಾರೆ, ಹುಲುಗಮ್ಮನ ಜೊತೆ ಆಡುತ್ತಿದ್ದ ಹಾಗೆ. ಉಳಿದ ಎರಡು ಹಸು ರೇಖಾಳ ಕೈಗೆ ಹೋಗುತ್ತವೆ, ಅಥವಾ ಮಾರಿಹೋಗುತ್ತವೆ. ಕೆಂಚಿಯೇ ಸಾಯುತ್ತಿರುವ ಹೊತ್ತಿನಲ್ಲಿ ತಾನು ಉಳಿದ ಎರಡರ ಲೆಕ್ಕ ಹಾಕುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯದೆ ಇರಲಿಲ್ಲ. ತಿಳಿದೂ ಹಾಕಿದಳು.

"ಗೊತ್ತಾಗಿತ್ತು" ಅಂದಳು. "ತಂತಾನ ಇಳೀತೈತಿ ಅನ್ಕಂಡೆ."

ಕ್ರಾಂತಿ ಒದ್ದೆ ಕೈಯನ್ನು ಒರೆಸಿಕೊಂಡು, ನಾಳೆ ಬರುತ್ತೇನೆ ಎಂದು ವೆಂಕಟೇಶನಿಗೆ ಹೇಳಿ ಹೊರಟಳು. ಅವನಿಗೆ ಹೇಳಿದಳು, ಶಾಂಭವಿಗೆ ಹೇಳಲಿಲ್ಲ.

ಮಾರನೆಯ ದಿನ ಬಂದಾಗ ಕೆಂಚಿ ಏಳಲಿಲ್ಲ. ಕೆಚ್ಚಲಿನ ಒಂದು ಪಾಲು ತಣ್ಣಗಾಗಿ ಕಲ್ಲಿನಂತಾಗಿದೆ, ನಂಜು ರಕ್ತಕ್ಕೆ ಹೋಗಿದೆ ಅಂದಳು ಡಾಕ್ಟರಮ್ಮ. ಅದರ ಮಾರನೆಯ ಬೆಳಿಗ್ಗೆ ಅದು ಕತ್ತು ನೀಳವಾಗಿ ಚಾಚಿ ಸತ್ತಿತು. ಜೆಸಿಬಿ ಕರೆಸಿ ಹೊಲದ ಬದುವಿನಲ್ಲಿ ಗುಂಡಿ ತೆಗೆಸಿದರು. ಶಾಂಭವಿ ಗುಂಡಿಯ ಅಂಚಿಗೆ ಹೋಗಿ ಅರಿಶಿನ ಕುಂಕುಮ ಹಾಕಿ ಬಂದಳು. ಕೆಂಚಿಯ ಎಳೆಗರುವಿಗೆ ರೇಖಾ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಅದು ಎರಡು ಗುಟುಕು ಕುಡಿದು, ತಲೆ ಎತ್ತಿ ಖಾಲಿ ಗೂಟದ ಕಡೆ ಕೂಗಿ, ಮತ್ತೆ ಬಾಟಲಿಗೆ ಬರುತ್ತಿತ್ತು.

ಮಾತು ಊರಲ್ಲಿ ಹರಡಿತು. ಶಿವಮ್ಮ ಏನನ್ನೂ ಸೇರಿಸಿ ಹೇಳಲಿಲ್ಲ. ಕೇಳಿದ್ದನ್ನೇ ಹೇಳಿದಳು, ಅಷ್ಟು ಸಾಕಿತ್ತು. ಬೆಂಕಿಯ ಹಾಗೆ ಸುಡುತ್ತಿದ್ದ ಕೆಚ್ಚಲಿಗೆ ಗೊತ್ತಿದ್ದೂ ಗೊತ್ತಿದ್ದೂ ಮಷಿನ್ನು ಹಚ್ಚಿದಳಂತೆ, ಒಂದೆರಡು ಲೀಟರ್ ಹಾಲಿನ ಆಸೆಗೆ. ಡೈರಿಯ ಸಾಲಿನಲ್ಲಿ ಶಾಂಭವಿ ನಿಂತರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಕೈ ಇಲ್ಲದವಳಾಗುವುದಕ್ಕಿಂತ ಕಟುಕಳಾಗುವುದು ವಾಸಿ ಎಂದು ಆ ಒಂದು ಗಳಿಗೆಯಲ್ಲಿ ಆರಿಸಿಕೊಂಡಿದ್ದಳು. ಕಟುಕಳಾಗಿ ಬದುಕುವುದು ಏನೆಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಹೀಗೇ ಒಂದು ದಿನ ನೂರ್ ಅಹಮದ್ ಬೈಕಿನಲ್ಲಿ ಬಂದ. ಉಚ್ಚಂಗೆಪ್ಪ ಹೇಳಿ ಕಳಿಸಿದ್ದಕ್ಕಲ್ಲ, ತಾನೇ ಕೇಳಿ ಬಂದದ್ದು. ದಾವಣಗೆರೆಯಿಂದ ತರಿಸಿದ ಸರಿಯಾದ ಪೈಪನ್ನು ಅಂಗಳದಲ್ಲಿಟ್ಟು, ಕತ್ತರಿಸುವಾಗ ತನಗಾದರೂ ಗೊತ್ತಾಗಬೇಕಿತ್ತು, ಆ ಟ್ರ್ಯಾಕ್ಟರಿನವರ ಗದ್ದಲದಲ್ಲಿ ನೋಡಲಿಲ್ಲ ಎಂದು ತಲೆ ತಗ್ಗಿಸಿದ. ಆಮೇಲೆ ಶಾಂಭವಿಯ ಕಡೆ ತಿರುಗಿ, ನೀವು ಹಿಚುಕಿ ನೋಡಿದಿರಲ್ಲಕ್ಕ ಅಂದ. ಅವನು ಕೇಳಿದ್ದೋ, ತನಗೆ ತಾನೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಅವಳು ಚಹಾ ತರುತ್ತೇನೆಂದು ಒಳಗೆ ಹೋದಳು. ಬರುವಷ್ಟರಲ್ಲಿ ಅವನು ಹೋಗಿದ್ದ.

ಹೊಸ ಪೈಪನ್ನು ರೇಖಾ ಜೋಡಿಸಿದಳು. ಆ ಸಂಜೆ ಶಾಂಭವಿ ಬಕೆಟ್ಟು ತೊಳೆದು ಹಿಡಿದುಕೊಂಡು ಕೊಟ್ಟಿಗೆಗೆ ಹೋದಾಗ ರೇಖಾ ಬಾಗಿಲಿಗೆ ಅಡ್ಡ ಬಂದಳು. ಕೈಯಿಂದ ಬಕೆಟ್ಟು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಶಾಂಭವಿಯ ಹಿಡಿತವೇ ಅಷ್ಟಿತ್ತು.

"ಇನ್ಮ್ಯಾಲೆ ಕೊಟ್ಟಿಗಿಗೆ ನೀವು ಬರಬ್ಯಾಡ್ರಿ ಅತ್ತಿ."

ಶಾಂಭವಿ ಸೊಸೆಯ ಮುಖ ನೋಡಿದಳು. ರೇಖಾಳ ಕಣ್ಣಲ್ಲಿ ನೀರಿತ್ತು.

"ಗೊತ್ತಾಗಲಿಲ್ಲ ಅಂದಿದ್ರ ನಾನು ನಂಬ್ತಿದ್ದೆ. ಯಾರು ಏನಂದ್ರೂ ನಿಮ್ಮ ಕಡಿ ನಿಂದಿರ್ತಿದ್ದೆ. ಗೊತ್ತಿದ್ದೂ ಹಚ್ಚೀರಲ್ಲ. ಅದು ನಿಮ್ಮ ದನಿ ಕೇಳಿದ್ರ ಕಿವಿ ಎತ್ತತಿತ್ತು."

ಆಗಲಾದರೂ ಹೇಳಬಹುದಿತ್ತು. ಅಲ್ಲೇ, ಬಾಗಿಲಲ್ಲೇ, ಎರಡು ಕೈ ಮುಂದೆ ಚಾಚಿ. ಆದರೆ ಈಗ ಹೇಳಿದರೆ ಕ್ಷಮೆ ಗಿಟ್ಟಿಸಿಕೊಳ್ಳಲು ಹೆಣೆದ ಕಥೆಯ ಹಾಗೆ ಕೇಳಿಸುತ್ತದೆ ಅನ್ನಿಸಿತು ಅವಳಿಗೆ. ಒಂದು ಸಲ ಗೊತ್ತಿತ್ತು ಅಂದವಳು ಇನ್ನೊಂದು ಸಲ ಗೊತ್ತಿರಲಿಲ್ಲ ಅಂದರೆ ಎರಡನೆಯದನ್ನು ಯಾರು ನಂಬುತ್ತಾರೆ. ಅವಳು ಆಯಿತು ಎಂಬಂತೆ ತಲೆಯಾಡಿಸಿ ಹಿಂದಕ್ಕೆ ಬಂದಳು. ಒಳಗೆ ಮೋಟಾರು ಶುರುವಾಯಿತು. ಹೊಸ ಪೈಪಿನಲ್ಲಿ ಅದರ ಸದ್ದೇ ಬೇರೆ ಇತ್ತು, ಒಂದೇ ಸಮ.

ಅಂದಿನಿಂದ ಅವಳು ಅಂಗಳದಲ್ಲಿ ಕೂರುತ್ತಾಳೆ. ಯಾರೂ ಅವಳ ಜೊತೆ ಜಗಳವಾಡುವುದಿಲ್ಲ. ಊಟದ ಹೊತ್ತಿಗೆ ಕರೆಯುತ್ತಾರೆ. ಉಚ್ಚಂಗೆಪ್ಪ ಹೊಲಕ್ಕೆ ಹೋಗುವಾಗ ಮೊದಲಿನ ಹಾಗೆ ಹೋಗಿಬರುತ್ತೇನೆ ಅನ್ನುತ್ತಾನೆ, ಮೊದಲಿನ ಹಾಗೆ ಅವಳ ಉತ್ತರಕ್ಕೆ ನಿಲ್ಲುವುದಿಲ್ಲ. ಹೆದರಿ ಮುಚ್ಚಿಟ್ಟದ್ದೆಲ್ಲ ಮುಚ್ಚಿದ ಹಾಗೇ ಉಳಿದಿದೆ. ಯಾವುದನ್ನು ಉಳಿಸಿಕೊಳ್ಳಲು ಮುಚ್ಚಿಟ್ಟಳೋ ಅದೊಂದು ಮಾತ್ರ ಉಳಿಯಲಿಲ್ಲ.

ಶೇಂಗಾ ಕಿತ್ತು ಮನೆಗೆ ಬಂದ ಮೇಲೆ ರೇಖಾ ಒಂದು ಮಧ್ಯಾಹ್ನ ಮೊರದ ತುಂಬ ಒಣ ಕಾಯಿ ತಂದು ಅವಳ ಮುಂದಿಟ್ಟಳು. ಚಟ್ನಿಪುಡಿಗೆ ಬೇಕು, ಕೂತಲ್ಲೇ ಬಿಡಿಸಿಕೊಡಿ ಅಂದು ಒಳಗೆ ಹೋದಳು. ಬಹಳ ದಿನಗಳ ಮೇಲೆ ಸೊಸೆ ಒಪ್ಪಿಸಿದ ಕೆಲಸ. ಶಾಂಭವಿ ಒಂದು ಕಾಯಿ ತೆಗೆದುಕೊಂಡು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದಳು. ಜಾರಿ ಬಿತ್ತು. ಮತ್ತೊಂದು ತೆಗೆದುಕೊಂಡಳು. ಸಿಕ್ಕಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ಒತ್ತಬೇಕಿತ್ತು. ಒತ್ತಿದರೆ ಸಿಪ್ಪೆ ಬಿರಿಯುತ್ತಿರಲಿಲ್ಲ. ಅಡಿಗೆಮನೆಯ ಬಾಗಿಲ ಕಡೆ ನೋಡಿದಳು. ರೇಖಾ ಆಚೆ ಮುಖ ಮಾಡಿ ಮೆಣಸಿನಕಾಯಿ ಹುರಿಯುತ್ತಿದ್ದಳು. ಶಾಂಭವಿ ಕಾಯನ್ನು ಬಾಯಿಗಿಟ್ಟು ದವಡೆಯ ಹಲ್ಲಿನಲ್ಲಿ ಒಡೆದಳು. ಸಿಪ್ಪೆಯನ್ನು ಅಂಗೈಗೆ ಉಗುಳಿದಳು, ಕಾಳನ್ನು ನಾಲಿಗೆಯಿಂದ ಹೊರಗೆ ತಂದಳು. ಇನ್ನೊಂದು ಒಡೆದಳು. ಮನೆಯವರೆಲ್ಲ ಉಣ್ಣುವ ಪುಡಿ, ದೇವರಿಗೂ ಎಡೆ ಇಡುವ ಮನೆ. ಎಂಜಲು ಕಾಣಬಾರದೆಂದು ಒಂದೊಂದು ಕಾಳನ್ನೂ ಸೆರಗಿನಲ್ಲಿ ಒತ್ತಿ ಒತ್ತಿ ಒರೆಸಿ, ಒಣಗಿತೇ ಎಂದು ಬೆಳಕಿಗೆ ಹಿಡಿದು ನೋಡಿ, ಮೊರಕ್ಕೆ ಹಾಕುತ್ತಾ ಹೋದಳು.